ಹೊಸ ಹಾಯಿಗೆ ದುಡ್ಡು ಕೊನೆಗೆ ಹಾಕಿ

ಹಳೇ ರೇಸ್ ದೋಣಿ ತಂದವರೆಲ್ಲ ನನ್ನ ಹತ್ತಿರ ಮೊದಲು ಕೇಳುವುದು ಹೊಸ ಹಾಯಿಯ ರೇಟು. ಮೊದಲು ದೋಣಿಯ ತೂಕ ನೋಡೋಣ ಅಂದರೆ ಕೆಲವರ ಮುಖ ಸಣ್ಣದಾಗುತ್ತದೆ. ಹಾಯಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಒಡಲಿನ ಕೆಲಸ ಯಾರಿಗೂ ಕಾಣುವುದಿಲ್ಲ ಅಲ್ವಾ!

ಊರು ಕಾರವಾರದ ಕಡೆ, ಕೆಲಸ ಮುಂಬೈನಲ್ಲಿ ದೋಣಿ ರಿಪೇರಿ. ನನಗೆ ಇಷ್ಟದ ದೋಣಿ 470. ಫ್ರಾನ್ಸ್‌ನ ಆಂದ್ರೆ ಕಾರ್ನು 1963ರಲ್ಲಿ ವಿನ್ಯಾಸ ಮಾಡಿದ, ಇಬ್ಬರು ಓಡಿಸುವ ಫೈಬರ್ ದೋಣಿ. ಉದ್ದ 4.70 ಮೀಟರ್. 1976ರಿಂದ ಒಲಿಂಪಿಕ್ಸ್‌ನಲ್ಲಿದೆ. ಎಲ್ಲ ದೋಣಿಗಳೂ ಒಂದೇ ಆಕಾರದಲ್ಲಿರಬೇಕು ಅನ್ನುವ ನಿಯಮ ಇರುವುದರಿಂದ, ಹಳೆಯದನ್ನು ಸರಿಯಾಗಿ ಎಬ್ಬಿಸಿದರೆ ಅದು ಈಗಲೂ ಪೈಪೋಟಿ ಕೊಡುತ್ತದೆ.

ನಿಯಮದಂತೆ ಕನಿಷ್ಠ ತೂಕ 120 ಕೆ.ಜಿ. ಹಳೇ ದೋಣಿ ಅದಕ್ಕಿಂತ ಜಾಸ್ತಿ ತೂಗಿದರೆ ನನಗೆ ಮೊದಲ ಅನುಮಾನ ನೀರಿನ ಮೇಲೆ. ಎರಡು ಪದರ ಫೈಬರ್ ನಡುವೆ ಫೋಮ್ ಇದ್ದರೆ, ಸ್ಕ್ರೂ ತೂತುಗಳಿಂದ ನೀರು ಇಳಿದು ಅಲ್ಲೇ ಕೂರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಮಂದ ಸದ್ದು. ಮಾಸ್ಟ್ ಅಂದರೆ ಹಾಯಿ ಕಟ್ಟುವ ಕಂಬ ಕೂರುವ ಜಾಗ, ಸೆಂಟರ್‌ಬೋರ್ಡ್ ಅನ್ನುವ ಅಡಿಯ ಹಲಗೆ ನೀರಿಗೆ ಇಳಿಯುವ ಪೆಟ್ಟಿಗೆಯ ಸುತ್ತ, ಮಾಸ್ಟ್ ನಿಲ್ಲಿಸುವ ಪಕ್ಕದ ತಂತಿಗಳು ಹಿಡಿಯುವ ಕಡೆ ಎರಡೆರಡು ಸಲ ತಟ್ಟಿ.

ಈ ಮೂರು ಕಡೆಯೇ ಯಾಕೆ? ರಿಗ್, ಅಂದರೆ ಮಾಸ್ಟ್ ಮತ್ತು ತಂತಿಗಳ ಕಟ್ಟು, ಬಿಗಿ ಮಾಡಿದಾಗ ತಂತಿಗಳು ದೋಣಿಯ ಅಂಚುಗಳನ್ನು ಮೇಲಕ್ಕೆ ಎಳೆಯುತ್ತವೆ, ಮಾಸ್ಟ್ ನಡುವನ್ನು ಕೆಳಕ್ಕೆ ಒತ್ತುತ್ತದೆ. ಬಿಲ್ಲಿಗೆ ಹೆದೆ ಏರಿಸಿದ ಹಾಗೆ. ಒಡಲು ಮೆತ್ತಗಿದ್ದರೆ ಅದೇ ಬಾಗುತ್ತದೆ. ದಡದಲ್ಲಿ ತಂತಿಯ ಬಿಗಿ ಅಳೆಯುವ ಟೆನ್ಷನ್ ಗೇಜ್ ಚೆನ್ನಾಗಿಯೇ ತೋರಿಸುತ್ತದೆ. ಒಂದು ಸುತ್ತು ಓಡಿಸಿ ಬಂದು ಮತ್ತೆ ನೋಡಿ, ಮುಳ್ಳು ಇಳಿದಿರುತ್ತದೆ. ತಂತಿ ಸಡಿಲವಾದರೆ ಮಾಸ್ಟ್ ಮುಂಭಾಗದ ಹಾಯಿಯ ಅಂಚು ಜೋಲುತ್ತದೆ. ಆಮೇಲೆ ದೋಣಿ ಗಾಳಿಗೆ ಎದುರಾಗಿ ಏರುವುದೇ ಇಲ್ಲ. ಇದಕ್ಕೆ ಎಷ್ಟು ದುಬಾರಿ ಹಾಯಿ ಹಾಕಿದರೂ ಅಷ್ಟೇ. ಸಾಲದ್ದಕ್ಕೆ, ಹಾಯಿ ಹೊಲಿಯುವವರು ನಿಮ್ಮ ಮಾಸ್ಟ್ ಎಷ್ಟು ಬಾಗುತ್ತದೆ ಅಂತ ಕೇಳುತ್ತಾರೆ. ಸಡಿಲ ರಿಗ್‌ನ ಅಳತೆ ಕೊಟ್ಟರೆ ಹಾಯಿಯೂ ಆ ಸಡಿಲಕ್ಕೇ ಹೊಂದುತ್ತದೆ.

ಮುಂಬೈನಲ್ಲಿ ಮಳೆಗಾಲಕ್ಕೆ ರೇಸ್ ನಿಲ್ಲುತ್ತದೆ, ಎಲ್ಲರೂ ಆಗಲೇ ರಿಪೇರಿಗೆ ಕೊಡುತ್ತಾರೆ. ಒಡಲು ಒಣಗಿಸುವುದಕ್ಕೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ಆಗುವುದಾದರೆ ಏಪ್ರಿಲ್‌ನಲ್ಲೇ ತೂತು ತೆರೆದು ಫ್ಯಾನ್ ಹಚ್ಚಿಡಿ. ಮಳೆಯಲ್ಲೇ ಎಪಾಕ್ಸಿ ಅನ್ನುವ ಅಂಟು ರಾಳ ಹಾಕಬೇಕಾಗಿ ಬಂದರೆ, ಗಟ್ಟಿಯಾದ ಮೇಲೆ ಮೇಣದಂಥ ಜಿಗುಟು ಪೊರೆ ಬರಬಹುದು. ಅದನ್ನು ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಮರಳುಕಾಗದ ಹಿಡಿಯಿರಿ. ಮೊದಲೇ ತಿಕ್ಕಿದರೆ ಪೊರೆ ಎಲ್ಲ ಕಡೆ ಹರಡಿ ಮುಂದಿನ ಪದರ ಹಿಡಿಯುವುದಿಲ್ಲ.

ತಂತಿಗಳ ವಿಷಯದಲ್ಲಿ ಚೌಕಾಸಿ ಬೇಡ. ಸ್ಟೀಲ್ ತಂತಿ ನಡುವಿನಲ್ಲಿ ಅಪರೂಪಕ್ಕೆ ತುಂಡಾಗುತ್ತದೆ, ತುದಿಯ ಕೊಳವೆಯೊಳಗೆ ಹೋಗುವ ಕಡೆಯೇ ಜಾಸ್ತಿ. ಅಲ್ಲಿ ತುಕ್ಕಿನ ಕಲೆ ಅಥವಾ ಒಂದೇ ಒಂದು ಎಳೆ ಕಿತ್ತಿದ್ದರೂ ಬದಲಾಯಿಸಿ. ಅಲ್ಯೂಮಿನಿಯಂ ಮಾಸ್ಟ್‌ಗೆ ಹಾಕಿದ ಸ್ಟೀಲ್ ಬೋಲ್ಟ್ ಸುತ್ತ ಬಿಳಿ ಪುಡಿ ಕಂಡರೆ ಉಪ್ಪುನೀರು ಲೋಹವನ್ನು ತಿನ್ನುತ್ತಿದೆ ಅಂತ ಅರ್ಥ. ಬಿಚ್ಚಿ, ತೊಳೆದು, ಎರಡು ಲೋಹ ತಾಗದ ಹಾಗೆ ನಡುವೆ ಪೇಸ್ಟ್ ಹಚ್ಚಿ ಕೂರಿಸಿ. ಮಾಸ್ಟ್‌ನ ಹಾಯಿ ಕೂರುವ ಸೀಳಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿ, ಖಾಯಂ ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಹಗ್ಗಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಾಯಿ ಏರಿಸುವುದಕ್ಕೆ ಹಿಗ್ಗದ ಡೈನೀಮಾ ಹಗ್ಗ ಹಾಕಿ, ಉಳಿದದ್ದು ಕೈಗೆ ಹಿತ ಅನ್ನಿಸಿದ್ದು.

ಇನ್ನೊಂದು ಇದೆ, ಇದನ್ನು ಯಾರೂ ಮೊದಲೇ ಕೇಳುವುದಿಲ್ಲ. ಕೆಲವು ದೋಣಿಗಳಲ್ಲಿ ತೂಕ ಸರಿದೂಗಿಸುವುದಕ್ಕೆ ಸೀಸದ ತುಂಡು ಬಿಗಿದಿರುತ್ತಾರೆ, ಅಳತೆ ಪತ್ರದಲ್ಲೂ ಬರೆದಿರುತ್ತದೆ. ರಿಪೇರಿಯಿಂದ ಭಾರ ಏರಿತು ಅಂತ ನೀವೇ ಅದನ್ನು ಕಿತ್ತು ಹಾಕುವ ಹಾಗಿಲ್ಲ. ಅಧಿಕೃತ ಮಾಪಕರು ತೂಗಿ, ಪತ್ರ ತಿದ್ದಿಕೊಡಬೇಕು. ರೇಸಿನ ಬೆಳಿಗ್ಗೆ ಅವರನ್ನು ಹುಡುಕಿಕೊಂಡು ಓಡಬೇಡಿ, ಬಣ್ಣ ಒಣಗಿದ ವಾರವೇ ಕರೆಸಿ.