ಅಣಬೆ ಡೈರಿ: ಹೊಡೆಯದೆ ಆಡುವ ಡಬಲ್ಸ್

ನನ್ನ ಪೋಕೆಮಾನ್ ತಂಡದಲ್ಲಿ ಸದ್ಯಕ್ಕೆ ಗಟ್ಟಿಯಾಗಿರುವವರು ನಾಲ್ವರು: ಅಣಬೆಯಂತಿರುವ ಅಮೂಂಗಸ್, ಫರಿಗಿರಾಫ್, ಇನ್ಸಿನರೋರ್, ಬ್ಲಡ್‌ಮೂನ್ ಉರ್ಸಲೂನಾ. ಉಳಿದೆರಡು ಜಾಗ ವಾರಕ್ಕೊಮ್ಮೆ ಬದಲಾಗುತ್ತಿವೆ. ಆಟ ಪೋಕೆಮಾನ್ ಸ್ಕಾರ್ಲೆಟ್-ವೈಲೆಟ್ ವಿಡಿಯೋ ಗೇಮ್‌ನ ಡಬಲ್ಸ್, ಅಂದರೆ ಒಮ್ಮೆಗೆ ಇಬ್ಬರ ಎದುರು ಇಬ್ಬರು; ಯಾವ ಪೋಕೆಮಾನ್ ತರಬಹುದು ಎನ್ನುವುದಕ್ಕೆ ರೆಗ್ಯುಲೇಶನ್ ಎಫ್ ನಿಯಮ. ಗೆಳೆಯರ ನಡುವೆ ಶೋಡೌನ್ ಎಂಬ ಆನ್‌ಲೈನ್ ತಾಣದಲ್ಲಿ, ಒಬ್ಬರ ತಂಡದ ವಿವರ ಇನ್ನೊಬ್ಬರಿಗೆ ಕಾಣುವಂತೆ ಓಪನ್ ಟೀಮ್ ಶೀಟ್ ಇಟ್ಟುಕೊಂಡು ಆಡುತ್ತೇವೆ. ಆರರಲ್ಲಿ ನಾಲ್ಕನ್ನು ಆರಿಸಿ ಕಣಕ್ಕಿಳಿಸಬೇಕು. ಆ ನಾಲ್ಕರಲ್ಲಿ ಅಮೂಂಗಸ್ ಇದ್ದೇ ಇರಬೇಕು ಅನ್ನೋದು ನನಗೆ ನಾನೇ ಹಾಕಿಕೊಂಡ ಷರತ್ತು.

"ಮಗಾ, ನಿನ್ ಅಣಬೆ ಯಾರಿಗೂ ಹೊಡೆಯೋದೇ ಇಲ್ವಲ್ಲೋ" ಅಂತ ಜೊತೆಯವನು ರೇಗಿಸುತ್ತಾನೆ. ನಿಜ, ಹೊಡೆಯೋದಿಲ್ಲ. ಅದಕ್ಕೇ ಎಷ್ಟು ಡ್ಯಾಮೇಜ್ ಆಯ್ತು ಎಂದು ಬರೆದಿಡುವುದನ್ನು ಬಿಟ್ಟು, ನೋಟ್‌ಬುಕ್‌ನಲ್ಲಿ ಬೇರೆ ಕಾಲಂ ಹಾಕಿಕೊಂಡಿದ್ದೇನೆ: ಎದುರಾಳಿಗೆ ನಷ್ಟವಾದ ಟರ್ನ್. ನಿದ್ದೆಯಲ್ಲಿ ಕಳೆದದ್ದು, ಫೇಕ್ ಔಟ್ ಎಂಬ ಮೂವ್‌ಗೆ ಬೆಚ್ಚಿ ನಿಂತದ್ದು, ಉರ್ಸಲೂನಾಗೆ ಅಂತ ಬಿಟ್ಟ ಏಟು ಅಣಬೆಗೆ ಬಿದ್ದದ್ದು, ಎಲ್ಲ ಇಲ್ಲಿಗೇ. ನಾನು ಗೆದ್ದ ಆಟಗಳಲ್ಲಿ ಈ ಕಾಲಂ ತುಂಬಿರುತ್ತದೆ. ಸೋತ ಆಟಗಳಲ್ಲಿ ಹೆಚ್ಚುಕಡಿಮೆ ಖಾಲಿ.

ಅಂಕಿಗಳ ಕೆಲಸ ಬೇಗ ಮುಗಿಯಿತು. ಲೆವೆಲ್ 50ರಲ್ಲಿ, ಎಚ್‌ಪಿಗೆ (ಜೀವಬಲಕ್ಕೆ) 252 ಇವಿ, ಅಂದರೆ ತರಬೇತಿಯ ಅಂಕ, ಸುರಿದರೆ ಅಮೂಂಗಸ್‌ಗೆ 221 ಎಚ್‌ಪಿ. ಸ್ಪೀಡ್ ಐವಿ (ಹುಟ್ಟಿನಿಂದ ಬರುವ ಅಂಕ) 0, ಜೊತೆಗೆ ವೇಗ ತಗ್ಗಿಸುವ ನೇಚರ್ (ಸ್ವಭಾವ) ಕೊಟ್ಟರೆ ವೇಗ 31ಕ್ಕೆ ಇಳಿಯುತ್ತದೆ. ಇಷ್ಟು ನಿಧಾನ ಬೇಕೆಂದೇ ಮಾಡಿದ್ದು. ಫರಿಗಿರಾಫ್ ಟ್ರಿಕ್ ರೂಮ್ ಹಾಕಿದ ಮೇಲೆ ಕಡಿಮೆ ವೇಗದವರಿಗೇ ಮೊದಲ ಅವಕಾಶ, ಹಾಗಾಗಿ ಉರ್ಸಲೂನಾಗಿಂತಲೂ ಮುಂಚೆ, ನಿದ್ದೆ ಹತ್ತಿಸುವ ನನ್ನ ಸ್ಪೋರ್ ಬೀಳುತ್ತದೆ. ಎದುರಾಳಿ ಕೈ ಎತ್ತುವ ಮೊದಲೇ ಮಲಗಿದರೆ ಆ ಟರ್ನ್ ಅವನಿಗೆ ಖಂಡಿತ ಹೋದಂತೆ. ಮುಂದಿನದ್ದು ಅದೃಷ್ಟ, ನಿದ್ದೆ ಒಂದರಿಂದ ಮೂರು ಟರ್ನ್ ಇರಬಹುದು. ಟ್ರಿಕ್ ರೂಮ್ ಐದು ಟರ್ನ್ ಅಂತ ಹೇಳಿದರೂ ಹಾಕಿದ ಟರ್ನ್ ಕೂಡ ಲೆಕ್ಕಕ್ಕೆ ಬರುವುದರಿಂದ ಕೈಗೆ ಸಿಗೋದು ನಾಲ್ಕೇ.

ಆದರೆ ಆ ಮೊದಲ ಟರ್ನ್ ದಾಟುವುದೇ ಕಷ್ಟ. ಟ್ರಿಕ್ ರೂಮ್ ಎಲ್ಲರ ಮೂವ್ ಮುಗಿದ ಮೇಲೆ ಬರುವಂಥದ್ದು, ಅಲ್ಲಿಯ ತನಕ ಫರಿಗಿರಾಫ್ ಜೀವಂತ ಉಳಿಯಬೇಕಲ್ಲ. ಕಳೆದ ವಾರದ ಒಂದು ಆಟವನ್ನು ಪೂರ್ತಿ ಬರೆದಿಟ್ಟಿದ್ದೇನೆ. ಎದುರಿಗೆ ಫ್ಲಟರ್ ಮೇನ್ ಮತ್ತು ನೀರಿನ ಉರ್ಶಿಫು. ನನ್ನ ಕಡೆ ಅಮೂಂಗಸ್, ಫರಿಗಿರಾಫ್. ಉರ್ಶಿಫು, ಏಟು ತಡೆಯುವ ಪ್ರೊಟೆಕ್ಟ್ ಅನ್ನೂ ಸೀಳಿಕೊಂಡು ಹೊಡೆಯುತ್ತದೆ, ಆದ್ದರಿಂದ ಪ್ರೊಟೆಕ್ಟ್ ನಂಬಿ ಕೂರುವಂತಿಲ್ಲ. ಅಮೂಂಗಸ್, ಏಟನ್ನು ತನ್ನತ್ತ ಸೆಳೆಯುವ ರೇಜ್ ಪೌಡರ್ ಎರಚಿತು. ಫರಿಗಿರಾಫ್‌ಗೆ ಹೊರಟಿದ್ದ ಫ್ಲಟರ್ ಮೇನ್‌ನ ಮೂನ್‌ಬ್ಲಾಸ್ಟ್ (ಫೇರಿ ಟೈಪ್‌ನ ಏಟು) ತಿರುಗಿ ಅಣಬೆಗೆ ಬಂತು. ಅಣಬೆಗೆ ಹುಲ್ಲಿನ ಜೊತೆ ವಿಷದ ಟೈಪ್ ಕೂಡ ಇರುವುದರಿಂದ ಅರ್ಧ ಏಟು. ಬೆನ್ನಿಗೇ ಉರ್ಶಿಫುವಿನ ಸರ್ಜಿಂಗ್ ಸ್ಟ್ರೈಕ್ಸ್‌ನ ಮೂರು ಗುದ್ದು, ಮೂರೂ ಕ್ರಿಟಿಕಲ್. ನೀರು ಹುಲ್ಲಿಗೆ ಅಷ್ಟಾಗಿ ನಾಟುವುದಿಲ್ಲವಾಗಿ ಅದನ್ನೂ ತಡೆದುಕೊಂಡಿತು. ಮಜಾ ಇರೋದು ಇಲ್ಲೇ: ಅಣಬೆಯ ಕೈಯಲ್ಲಿ ರಾಕಿ ಹೆಲ್ಮೆಟ್. ಮುಟ್ಟಿ ಹೊಡೆದವರ ಎಚ್‌ಪಿಯಲ್ಲಿ ಪ್ರತಿ ಗುದ್ದಿಗೂ ಆರನೇ ಒಂದು ಭಾಗ ಹೋಗುತ್ತದೆ. ಮೂರು ಗುದ್ದಿಗೆ ಉರ್ಶಿಫು ಅರ್ಧಕ್ಕೆ ಇಳಿಯಿತು, ನಾನು ಒಂದೇ ಒಂದು ಅಟ್ಯಾಕ್ ಒತ್ತದೆ. ಟರ್ನ್ ಮುಗಿಯುವಾಗ ಟ್ರಿಕ್ ರೂಮ್ ಬಿತ್ತು. ಕಾಲಂನಲ್ಲಿ ಒಂದೇ ಟರ್ನ್‌ಗೆ ಎರಡು ಗೀಟು.

ಎದುರಾಳಿ ಅವತ್ತು ಮೂನ್‌ಬ್ಲಾಸ್ಟ್ ಬದಲು ಡ್ಯಾಜ್ಲಿಂಗ್ ಗ್ಲೀಮ್ ಒತ್ತಿದ್ದರೆ ಕಥೆಯೇ ಬೇರೆ. ಇಬ್ಬರಿಗೂ ಒಟ್ಟಿಗೆ ಬೀಳುವ ಏಟನ್ನು ರೇಜ್ ಪೌಡರ್ ಸೆಳೆಯಲಾರದು.

ಡಿಫೆನ್ಸ್ ಅಂದ ತಕ್ಷಣ ನಮ್ಮವರು ದ್ರಾವಿಡ್ ಹೆಸರು ತೆಗೆಯುತ್ತಾರೆ. ನನಗೆ ಅದು ಅಷ್ಟು ಒಪ್ಪುವುದಿಲ್ಲ. ದ್ರಾವಿಡ್ ಕ್ರೀಸ್ ಬಿಡುತ್ತಿರಲಿಲ್ಲ, ಅಮೂಂಗಸ್ ಬಿಟ್ಟು ಹೋದರೇ ಲಾಭ. ರೀಜನರೇಟರ್ ಎಂಬ ಗುಣ ಇರುವುದರಿಂದ ಕಣದಿಂದ ಹೊರಗೆ ಹೋದ ಕೂಡಲೇ ಮೂರನೇ ಒಂದು ಭಾಗ ಎಚ್‌ಪಿ ವಾಪಸ್. ನನ್ನ ಅಣಬೆಗೆ ಅದು 73. ಇನ್ಸಿನರೋರ್‌ದೂ ಅದೇ ಧಾಟಿ. ಒಳಗೆ ಬಂದಾಗಲೆಲ್ಲ ಇಂಟಿಮಿಡೇಟ್‌ನಿಂದ ಎದುರಿನ ಇಬ್ಬರ ಅಟ್ಯಾಕ್ ಮೂರನೇ ಎರಡಕ್ಕೆ ಇಳಿಯುತ್ತದೆ, ಪಾರ್ಟಿಂಗ್ ಶಾಟ್ ಬಿಟ್ಟು ಹೊರಗೆ ನಡೆದರೆ ಮತ್ತೆ ಬಂದು ಹೆದರಿಸಬಹುದು. ಎದುರಿಗೆ ಕಿಂಗಾಂಬಿಟ್ ಇದ್ದರೆ ಮಾತ್ರ ಎಚ್ಚರ. ಅದಕ್ಕೆ ಡಿಫಯಂಟ್ ಎಂಬ ಗುಣ ಇದ್ದರೆ ನಾವು ಹೆದರಿಸಿದಷ್ಟೂ ಅದರ ಅಟ್ಯಾಕ್ ಏರುತ್ತದೆ.

ಈಗಿನ ತಲೆನೋವು ಹುಲ್ಲಿನ ಟೈಪ್‌ನ ರಿಲಾಬೂಮ್. ಹುಲ್ಲಿನ ಟೈಪ್‌ಗೆ ಯಾವ ಪುಡಿಯೂ ತಾಗುವುದಿಲ್ಲ. ಸ್ಪೋರ್ ಇಲ್ಲ, ರೇಜ್ ಪೌಡರ್ ಅಂತೂ ಕಣ್ಣಿಗೇ ಬೀಳುವುದಿಲ್ಲ. ಸೇಫ್ಟಿ ಗಾಗಲ್ಸ್ ಎಂಬ ವಸ್ತು ಹಾಕಿಕೊಂಡವರದ್ದೂ ಇದೇ ಕಥೆ. ಎದುರಾಳಿಯ ಶೀಟ್‌ನಲ್ಲಿ ಮೊದಲು ಹುಡುಕುವುದು ಇವೆರಡನ್ನೇ, ಆಮೇಲೆ ಹುಲ್ಲಿನ ಟೆರಾ, ಅಂದರೆ ಆಟದ ನಡುವೆ ಹುಲ್ಲಿನ ಟೈಪ್‌ಗೆ ಬದಲಾಗುವುದು. ಮೂರರಲ್ಲಿ ಒಂದು ಕಂಡರೂ ಇನ್ಸಿನರೋರ್ ಮುಂದೆ, ಅಣಬೆ ಹಿಂದೆ. ವೇಗ ಲೆಕ್ಕಿಸದೆ ಮೊದಲೇ ಬೀಳುವ ರಿಲಾಬೂಮ್‌ನ ಫೇಕ್ ಔಟ್ ಮತ್ತು ಗ್ರಾಸಿ ಗ್ಲೈಡ್ ಎರಡನ್ನೂ ಫರಿಗಿರಾಫ್‌ನ ಆರ್ಮರ್ ಟೇಲ್ ಎಂಬ ಗುಣ ತಡೆಯುವುದು ನೆಮ್ಮದಿ. ಅಷ್ಟರಲ್ಲಿ ಇನ್ಸಿನರೋರ್ ಬೆಂಕಿ ಹಚ್ಚುತ್ತದೆ.

ಹಳಬರಿಗೆ ನೆನಪಿರಬಹುದು, 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ವಿಶ್ವ ಚಾಂಪಿಯನ್‌ಶಿಪ್ ಅನ್ನು ಕೊರಿಯಾದ ಸೇಜುನ್ ಪಾರ್ಕ್ ಗೆದ್ದದ್ದು ಪಾಚಿರಿಸು ಎಂಬ ಪುಟ್ಟ ಅಳಿಲನ್ನು ತಂಡದಲ್ಲಿಟ್ಟುಕೊಂಡು. ಫಾಲೋ ಮಿ ಒತ್ತಿ ಏಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುವುದೇ ಅದರ ಮುಖ್ಯ ಕೆಲಸ. ಆ ಆಟಗಳನ್ನು ಮತ್ತೆ ನೋಡಿದೆ. ಪಾಚಿರಿಸು ಎಷ್ಟು ತಾಳಿತು ಎಂದೇ ಎಲ್ಲರೂ ಮಾತಾಡುತ್ತಾರೆ, ನನಗೆ ಕುತೂಹಲ ಪಕ್ಕದಲ್ಲಿದ್ದವರ ಬಗ್ಗೆ. ಪಾಚಿರಿಸು ತಿಂದ ಪ್ರತಿ ಏಟಿನ ಹೊತ್ತಿಗೆ ಪಕ್ಕದವರು ಏನೋ ಒಂದು ಕೆಲಸ ಮುಗಿಸಿರುತ್ತಾರೆ. ಇದನ್ನು ನೋಡಿದ ಮೇಲೆ ನೋಟ್‌ಬುಕ್‌ಗೆ ಇನ್ನೊಂದು ಕಾಲಂ ಬಂದಿದೆ: ಅಣಬೆ ಏಟು ತಿಂದ ಟರ್ನ್‌ನಲ್ಲಿ ಜೊತೆಗಾರ ಮಾಡಿದ್ದೇನು.

ಮುಂದಿನ ವಾರ ನಾಲ್ಕನೇ ಮೂವ್ ತೀರ್ಮಾನವಾಗಬೇಕು. ಸ್ಪೋರ್, ರೇಜ್ ಪೌಡರ್, ಪ್ರೊಟೆಕ್ಟ್ ಖಾಯಂ. ಉಳಿದ ಜಾಗಕ್ಕೆ ಪಾಲನ್ ಪಫ್ ಹಾಕಿದರೆ ಉರ್ಸಲೂನಾಗೆ ಒಮ್ಮೆಗೆ ಅರ್ಧ ಎಚ್‌ಪಿ ತುಂಬಬಹುದು. ಕ್ಲಿಯರ್ ಸ್ಮಾಗ್ ಹಾಕಿದರೆ ಜೊತೆಗಾರ ಟಾಟ್ಸುಗಿರಿಯನ್ನು ನುಂಗಿ ಉಬ್ಬಿದ ಡೊಂಡೋಜೋನ ಅಂಕಿಗಳ ಏರಿಕೆಯನ್ನೆಲ್ಲ ಒಂದೇ ಊದಿಗೆ ಅಳಿಸಬಹುದು. ನಮ್ಮ ಗುಂಪಿನಲ್ಲಿ ಡೊಂಡೋಜೋ ತರುವವನು ಒಬ್ಬನೇ, ಆದರೆ ಪ್ರತಿ ವಾರ ತರುತ್ತಾನೆ. ಸದ್ಯಕ್ಕೆ ಸ್ಮಾಗ್ ಕಡೆಗೇ ಮನಸ್ಸು.