ಬೋರ್ಡಿಗೂ ಕಾಲಿರಲಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಬೋರ್ಡ್ ಅಂಗಡಿ. ಅಪ್ಪ ಎನಾಮೆಲ್ ಪೇಂಟಿನಲ್ಲಿ ಕೈಯಿಂದ ಬರೆಯುತ್ತಿದ್ದರು. ನಾನು ಫ್ಲೆಕ್ಸ್, ವಿನೈಲ್, ಎಸಿಪಿ ಅನ್ನುವ ಅಲ್ಯೂಮಿನಿಯಂ ಹೊದಿಕೆಯ ಶೀಟಿಗೆ ಬಂದೆ. ಸುತ್ತಲೂ ಜೀನ್ಸ್ ಹೊಲಿಯುವವರು. ಮದುವೆ, ಹುಟ್ಟುಹಬ್ಬ, ಚುನಾವಣೆ ಬಂದರೆ ನಮಗೆ ಊಟ. ಇಂಥವನಿಗೆ ಒಂದು ದೊಡ್ಡ ಮೃಗಾಲಯದ ಬೋರ್ಡ್ ಕೆಲಸ ಸಿಕ್ಕಿತು. ಯಾವ ಮೃಗಾಲಯ ಅನ್ನುವುದು ಬೇಡ. ತಪ್ಪುಗಳೆಲ್ಲ ನನ್ನವೇ.

ಅಳತೆಗೆ ಹೋದ ದಿನ ಮೊದಲು ಕಂಡದ್ದು ನೀಲಿ ಹುಲಿ. ಹಳೆಯ ಫ್ಲೆಕ್ಸಿನಲ್ಲಿ ಹುಲಿಯ ಮೈ ಪೂರ್ತಿ ತಿಳಿ ನೀಲಿ, ಮೇಲೆ ಕಪ್ಪು ಪಟ್ಟೆ. ಒಬ್ಬ ಹುಡುಗ ಅಮ್ಮನನ್ನು ಕೇಳುತ್ತಿದ್ದ, "ಇದು ಬೇರೆ ಜಾತಿದಾ?" ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ನಮ್ಮ ಊರಲ್ಲಿ ನಾನು ಹಾಕಿದ ಎಷ್ಟು ಲೀಡರುಗಳು ಎರಡು ಬೇಸಿಗೆಯಲ್ಲಿ ಹೀಗೇ ನೀಲಿ ಆಗಿಲ್ಲ! ಪ್ರಿಂಟಿನಲ್ಲಿ ಕೆಂಪು ಮತ್ತು ಹಳದಿ ಬಿಸಿಲಿಗೆ ಬೇಗ ಹೋಗುತ್ತವೆ. ನೀಲಿ, ಕಪ್ಪು ತಡೆಯುತ್ತವೆ. ಹುಲಿಯ ಬಣ್ಣ ಅಂದರೆ ಹಳದಿ ಮತ್ತು ಕೆಂಪೇ ಅಲ್ವಾ, ಅದಕ್ಕೇ ಪಾಪ ಅದು ಎಲ್ಲರಿಗಿಂತ ಮೊದಲು ಕೆಡುತ್ತದೆ. ಬೋರ್ಡಿಗೆ ಲ್ಯಾಮಿನೇಷನ್ ಹಾಕಿ, ಆದಷ್ಟು ನೆರಳಿಗೆ ಮುಖ ಮಾಡಿ ನಿಲ್ಲಿಸಬೇಕು. ಇಷ್ಟು ನನಗೆ ಗೊತ್ತಿದ್ದ ವಿದ್ಯೆ. ಗೊತ್ತಿಲ್ಲದ್ದು ಮುಂದಿತ್ತು.

ಚಿಕ್ಕಂದಿನಲ್ಲಿ ನಾನು ನೋಡಿದ ಮೃಗಾಲಯ ಅಂದರೆ ಬಳ್ಳಾರಿಯ ಪುಟ್ಟ ಝೂ. ಅಲ್ಲಿನ ಪ್ರಾಣಿಗಳನ್ನು ಆಮೇಲೆ ಹಂಪಿ ಹತ್ತಿರದ ಕಮಲಾಪುರದ ದೊಡ್ಡ ಜಾಗಕ್ಕೆ ಸಾಗಿಸಿದರು. ನನ್ನ ತಲೆಯಲ್ಲಿ ಇದ್ದದ್ದು ಆ ಹಳೆಯ ಚಿತ್ರವೇ: ಒಂದು ಬೋನು, ಒಂದು ಪ್ರಾಣಿ, ಒಂದು ಬೋರ್ಡು. ಆದರೆ ಈಗಿನ ಮೃಗಾಲಯಗಳಲ್ಲಿ ಸಾಲು ಬೋನು ಒಡೆದು ಎರಡು ಮೂರನ್ನು ಸೇರಿಸಿ ಒಂದೇ ಬಯಲು ಮಾಡುತ್ತಾರೆ. ಕಂಬಿ ಇದ್ದಲ್ಲಿ ಕಂದಕ ಬರುತ್ತದೆ, ಇಲ್ಲವೇ ದಪ್ಪ ಗಾಜು. ಕಂಬಿ ಇಲ್ಲದೆ ಕಂದಕದಿಂದಲೇ ಪ್ರಾಣಿಯನ್ನು ತಡೆಯುವುದನ್ನು ಜರ್ಮನಿಯ ಹಾಂಬರ್ಗಿನಲ್ಲಿ ಹಾಗೆನ್‌ಬೆಕ್ ಎನ್ನುವವರು 1907ರಲ್ಲೇ ಜನರಿಗೆ ತೋರಿಸಿದ್ದರು. ನಮ್ಮಲ್ಲಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಆವರಣ ಹೇಗಿರಬೇಕು ಅನ್ನುವುದಕ್ಕೆ ಈಗ ಲೆಕ್ಕ ಇದೆ. ಬರುವ ಪ್ರಾಣಿಗಳೂ ಬದಲಾಗುತ್ತವೆ. 1892ರಲ್ಲಿ ಶುರುವಾದ ಮೈಸೂರಿನ ಝೂನಲ್ಲಿ ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದವು. ನಡುವಿನ ಏಳು ವರ್ಷ ಆ ಬೋರ್ಡಿನಲ್ಲಿ ಏನಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಕಸುಬಿನವನಿಗೆ ಬರುವ ಯೋಚನೆ ಇಷ್ಟೇ.

ನನಗೆ ಆಫೀಸಿನಿಂದ ಒಂದು ಪಟ್ಟಿ ಕೊಟ್ಟರು. ನಲವತ್ತು ಬೋರ್ಡು, ಯಾವ ಆವರಣಕ್ಕೆ ಯಾವುದು ಅಂತ. ಅದನ್ನೇ ನಂಬಿ ಊರಿಗೆ ಬಂದು ಎಲ್ಲ ಪ್ರಿಂಟ್ ಹಾಕಿದೆ. ಚಿತ್ರ, ಹೆಸರು, ವಿವರ ಎಲ್ಲ ಒಂದೇ ಶೀಟಿನಲ್ಲಿ. ಎರಡೂವರೆ ತಿಂಗಳ ಮೇಲೆ ಲಗೇಜ್ ಆಟೋದಲ್ಲಿ ತುಂಬಿಕೊಂಡು ಹೋದರೆ ಐದು ಆವರಣದಲ್ಲಿ ಬೇರೆ ಪ್ರಾಣಿ! ಜೀಬ್ರಾ ಇರಬೇಕಾದ ಕಡೆ ನೀಲಗಾಯಿ. ಒಂದು ಮುದಿ ಚಿರತೆಯನ್ನು ಜನರ ಕಣ್ಣಿಂದ ದೂರ ಹಿಂದಿನ ಮನೆಗೆ ಕಳಿಸಿದ್ದರು. ನಾನು ಆಫೀಸಿನವರ ಮೇಲೆ ರೇಗಾಡಲು ಹೊರಟಿದ್ದೆ. ಅಷ್ಟರಲ್ಲಿ ಒಬ್ಬ ಹಿರಿಯ ಪ್ರಾಣಿಪಾಲಕರು ಬೀಡಿ ಆರಿಸಿ ಹತ್ತಿರ ಬಂದರು.

"ಏನಪ್ಪಾ ಪೇಂಟರ್, ನೀನು ನಮ್ಮನ್ನ ಒಂದು ಮಾತು ಕೇಳಿದ್ಯಾ?"

"ಪಟ್ಟಿ ಕೊಟ್ಟಿದ್ರಲ್ಲಣ್ಣಾ."

"ಪಟ್ಟಿ ಬರೆದ ದಿನ ಅದು ಸರೀನೇ. ಪ್ರಾಣಿಗೆ ಕಾಲಿದೆ ಕಣಪ್ಪಾ. ಬೋರ್ಡಿಗೂ ಕಾಲಿರ್ಲಿ."

ಗಂಡು ಹೆಣ್ಣು ಜೊತೆ ಮಾಡುವಾಗ, ಗಬ್ಬ ಆದಾಗ, ಬೇರೆ ಝೂಗೆ ಅದಲುಬದಲು ಮಾಡುವಾಗ, ಹೊಸದಾಗಿ ಬಂದದ್ದನ್ನು ಬೇರೆ ಇಡುವಾಗ, ಜಗಳ ಆಡಿಕೊಂಡಾಗ, ಹೀಗೆ ವರ್ಷವಿಡೀ ಪ್ರಾಣಿಗಳು ಓಡಾಡುತ್ತಲೇ ಇರುತ್ತವೆ. ಇದನ್ನೆಲ್ಲ ಅವರು ಆನೆಗೆ ಹುಲ್ಲು ಹಾಕುತ್ತ ಹೇಳಿದರು. ಆ ಐದು ಬೋರ್ಡಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಆಮೇಲೆ ನಾನು ಫ್ರೇಮ್ ಮಾತ್ರ ನೆಲಕ್ಕೆ ಹೂತು, ಎರಡು ಕಡೆ ಅಲ್ಯೂಮಿನಿಯಂ ಚಾನೆಲ್ ಕೂರಿಸಿದೆ. ಹೆಸರಿನ ಶೀಟು ಅದರಲ್ಲಿ ಜಾರುತ್ತದೆ. ಬೀಗ ತೆಗೆದರೆ ಪಾಲಕರೇ ಬದಲಾಯಿಸಬಹುದು. ಅವರ ಮಾತಿನಂತೆ ಪ್ರತಿ ಫ್ರೇಮಿಗೂ ಒಂದು ಶೀಟು ಜಾಸ್ತಿ ಕೊಟ್ಟೆ: "ಈಗ ಒಳಗೆ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ". ಜನ ಖಾಲಿ ಬಯಲಿಗೆ ಕಲ್ಲು ಎಸೆದು ಪ್ರಾಣಿ ಹುಡುಕುವುದು ಇದರಿಂದ ಕಡಿಮೆ ಆಯಿತಂತೆ.

ಕಾನೂನಿನ ವಿಷಯವನ್ನೂ ಜಾರುವ ಶೀಟಿಗೇ ಹಾಕಬೇಕು. ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಆರು ಅನುಸೂಚಿ, ಅಂದರೆ ಯಾವ ಜೀವಿಗೆ ಎಷ್ಟು ರಕ್ಷಣೆ ಅನ್ನುವ ನಂಬರ್ ಹಾಕಿದ ಪಟ್ಟಿಗಳು, ಇದ್ದವು. 2022ರ ತಿದ್ದುಪಡಿಯಲ್ಲಿ ಅವು ನಾಲ್ಕಾದವು, 2023ರ ಏಪ್ರಿಲ್ 1ರಿಂದ ಜಾರಿ. ನಂಬರ್ ಬದಲಾದ ಪ್ರಾಣಿಗಳ ಬೋರ್ಡೆಲ್ಲ ಒಂದೇ ದಿನದಲ್ಲಿ ಹಳತಾದವು.

ಹೆಸರಿನದ್ದು ಇನ್ನೊಂದು ತಲೆನೋವು. ಚೀತಾ ಬೋರ್ಡಿಗೆ ನಾನು ಸುಮ್ನೆ ಚಿರತೆ ಅಂತ ಹಾಕಿಬಿಟ್ಟಿದ್ದೆ. ಪ್ರೂಫ್ ನೋಡಿದ ಪಾಲಕರು ತಮ್ಮ ಕೆನ್ನೆಯ ಮೇಲೆ ಎರಡು ಬೆರಳು ಎಳೆದು ತೋರಿಸಿದರು. ಚೀತಾದ ಕಣ್ಣಿಂದ ಬಾಯಿಯವರೆಗೆ ಕಪ್ಪು ಗೆರೆ, ಮೈಮೇಲೆ ತುಂಬಿದ ಚುಕ್ಕೆ. ಚಿರತೆಗೆ ಆ ಗೆರೆ ಇಲ್ಲ, ಚುಕ್ಕೆಯ ನಡುವೆ ಟೊಳ್ಳು. ನೆಟ್ಟಿನಿಂದ ತೆಗೆದ ಚಿತ್ರ ಯಾವುದರದು ಅಂತಲೂ ನಾನು ನೋಡಿರಲಿಲ್ಲ. ತೋಳ, ಕರಡಿಯಲ್ಲಿ ನನಗೆ ಇಂಥ ಎಡವಟ್ಟು ಆಗುತ್ತಿರಲಿಲ್ಲ. ದರೋಜಿಯ ಕರಡಿಗಳನ್ನೂ ಗಂಗಾವತಿ ಕಡೆಯ ಬಂಕಾಪುರದ ತೋಳಗಳನ್ನೂ ಬಲ್ಲ ಸೀಮೆಯವರು ನಾವು. ಪುಸ್ತಕದ ಉಷ್ಟ್ರಪಕ್ಷಿಗೆ ಕೆಳಗೆ ಆಸ್ಟ್ರಿಚ್ ಅಂತಲೂ ಬರೆಯಿರಿ, ಇಲ್ಲದಿದ್ದರೆ ಜನ ನಮ್ಮನ್ನೇ ಕೇಳ್ತಾರೆ ಅಂದರು. ಬರೆದೆ.

ಆ ಆಸ್ಟ್ರಿಚ್ ಹತ್ತಿರವೇ ನನ್ನ ದೊಡ್ಡ ತಪ್ಪು ಆದದ್ದು.

ನಮ್ಮ ಹುಡುಗ ಚೈನ್‌ಲಿಂಕ್ ಬೇಲಿಗೆ ಬೋರ್ಡ್ ಕೂರಿಸುತ್ತಿದ್ದ. ಬಾಯಲ್ಲಿ ನಾಲ್ಕು ಸ್ಕ್ರೂ, ಕೈಯಲ್ಲಿ ಡ್ರಿಲ್. ಊರಲ್ಲಿ ನಾವೆಲ್ಲ ಮಾಡುವುದು ಹಾಗೇ. ಒಂದು ಸ್ಕ್ರೂ ಜಾರಿ ಟಿಣ್ ಅಂತ ಒಳಗಡೆ ಬಿತ್ತು. ಅವನು ಇನ್ನೊಂದು ತೆಗೆದು ಹೊಡೆದ. ಹಿಂದೆ ನಿಂತಿದ್ದ ಪಾಲಕರ ಮುಖ ಬದಲಾಯಿತು.

"ಎಷ್ಟು ತಂದಿದ್ದಿರಿ? ಎಷ್ಟು ಹೊಡೆದಿರಿ?"

ನಾನು ಹುಡುಗನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಯಾರಿಗೆ ಗೊತ್ತು! ಪ್ಯಾಕೆಟ್ ಹರಿದು ಜೇಬಿಗೆ ಸುರಿದುಕೊಂಡಿದ್ದೆವು.

ಆಸ್ಟ್ರಿಚ್‌ಗೆ ಹಲ್ಲಿಲ್ಲ. ತಿಂದದ್ದನ್ನು ಹೊಟ್ಟೆಯಲ್ಲಿ ಅರೆಯಲು ಕಲ್ಲು ನುಂಗುತ್ತದೆ. ಹೊಳೆಯುವ ಮೊಳೆ, ತಂತಿ ಕಂಡರೂ ಅಷ್ಟೇ ಆಸೆಯಿಂದ ನುಂಗುತ್ತದೆ. ಅದು ಒಳಗೆ ಚುಚ್ಚಿದರೆ ಹಕ್ಕಿ ಸಾಯಲೂಬಹುದು. ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಪಾಲಕರು ಬೈಯಲಿಲ್ಲ. ಹಕ್ಕಿಗಳನ್ನು ಹಿಂದಿನ ಕೋಣೆಗೆ ಓಡಿಸಿ, ಕೋಲಿಗೆ ಕಟ್ಟಿದ ಅಯಸ್ಕಾಂತ ತಂದರು. ಮಧ್ಯಾಹ್ನದ ಬಿಸಿಲಲ್ಲಿ ನಾವು ಮೂವರೂ ಬಗ್ಗಿ ಮರಳು ಕೆದಕಿದೆವು. ಎರಡು ಗಂಟೆ ಆದ ಮೇಲೆ ಎರಡು ಸಿಕ್ಕವು. ಒಂದು ನಮ್ಮ ಹೊಸ ಸ್ಕ್ರೂ. ಇನ್ನೊಂದು ತುಕ್ಕು ಹಿಡಿದ ಹಳೆಯ ಮೊಳೆ, ನಮಗಿಂತ ಮೊದಲು ಬಂದ ಯಾರೋ ಬೀಳಿಸಿ ಹೋದದ್ದು. ಹಳೆಯದನ್ನು ಅವರು ತುಂಬಾ ಹೊತ್ತು ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಬೈದಿದ್ದರೆ ನನಗೆ ವಾಸಿ ಅನ್ನಿಸುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವರು ಹೇಳಿದ ಹೊತ್ತಿಗೇ ಡ್ರಿಲ್ ಹಿಡಿದೆವು, ಪ್ರಾಣಿ ಒಳಗೆ ಹೋದ ಮೇಲೆ. ಜಿಂಕೆಗಳ ಕಡೆ ಫ್ಲೆಕ್ಸ್ ಬೇಡವೇ ಬೇಡ ಅಂದರು. ಗಾಳಿಗೆ ಒಂದು ಮೂಲೆ ಕಿತ್ತು ಪಟಪಟ ಬಡಿದರೂ ಸಾಕು, ಹಿಂಡು ಬೆದರಿ ಬೇಲಿಗೆ ನುಗ್ಗುತ್ತದಂತೆ. ಗಾಜಿನ ಆವರಣದಲ್ಲಿ ನಾನು ಗಾಜಿನ ಮೇಲ್ಗಡೆ ಬೋರ್ಡ್ ಇಟ್ಟಿದ್ದೆ. ಅಲ್ಲಿ ಜನ ಮೂಗು ಒತ್ತಿ ನಿಲ್ಲುತ್ತಾರೆ, ತಲೆ ಎತ್ತುವವರು ಯಾರು? ಪಕ್ಕಕ್ಕೆ, ಮಗುವಿನ ಎದೆಮಟ್ಟಕ್ಕೆ, ಸ್ವಲ್ಪ ಓರೆಯಾಗಿ ತಂದೆ.

ಈಗ ಅಂಗಡಿಯಲ್ಲಿ ಒಂದು ಸ್ಟೀಲ್ ತಟ್ಟೆ ಇದೆ. ಜೀನ್ಸ್ ಅಂಗಡಿಯ ಬೋರ್ಡ್ ಕೂರಿಸಲು ಹೋದರೂ ಹುಡುಗ ಸ್ಕ್ರೂ ಎಣಿಸಿ ತಟ್ಟೆಗೆ ಹಾಕುತ್ತಾನೆ, ಉಳಿದದ್ದನ್ನು ಎಣಿಸಿ ತರುತ್ತಾನೆ. ಪಕ್ಕದ ಟೇಲರ್ ಮಾಮ, "ಬಂಗಾರದವೇನೋ?" ಅಂತ ದಿನಾ ಕಿಚಾಯಿಸುತ್ತಾರೆ.

ಮುಂದಿನ ತಿಂಗಳು ಕರಡಿ ಆವರಣದ ಅಳತೆಗೆ ಹೋಗಬೇಕು. ಪಟ್ಟಿ ಬಂದಿದೆ. ಆದರೂ ಮೊನ್ನೆ ಪಾಲಕರಿಗೇ ಫೋನ್ ಮಾಡಿ, "ಅಣ್ಣಾ, ಕರಡಿ ಅಲ್ಲೇ ಇದೆಯಾ?" ಅಂದೆ.

"ಸದ್ಯಕ್ಕೆ ಇದೆ. ಹೊರಡೋ ದಿನ ಇನ್ನೊಂದು ಸಲ ಕೇಳಿಬಿಡು" ಅಂದರು.