ಬಣ್ಣದ ಲೆಕ್ಕಾಚಾರ

ಮನೆಗೆ ಪೇಂಟ್ ಮಾಡಿಸೋಣ ಅಂತ ಕೆಲವರ ಹತ್ತಿರ ಎಸ್ಟಿಮೇಟ್ ತೆಗೆದುಕೊಂಡಿದ್ದೇವೆ. ಎಲ್ಲರಿಗಿಂತ ಕಡಿಮೆ ಹೇಳಿದವರ ಚೀಟಿಯಲ್ಲಿ ಇರುವುದು ಒಂದೇ ಸಾಲು: 'ಫುಲ್ ಹೌಸ್ ಪೇಂಟಿಂಗ್, ಮೆಟೀರಿಯಲ್ ಸೇರಿ'. ಯಾವ ಪೇಂಟು, ಎಷ್ಟು ಕೋಟು, ಗೋಡೆ ನಯ ಮಾಡೋ ಪುಟ್ಟಿ ಇದೆಯಾ ಅಂತ ಕೇಳಿದರೆ 'ಎಲ್ಲಾ ಮಾಡ್ತೀವಿ ಸಾರ್' ಅಷ್ಟೇ. ಏಷ್ಯನ್ ಪೇಂಟ್ಸ್‌ನ ಅಗ್ಗದ ಪೇಂಟು ಟ್ರ್ಯಾಕ್ಟರ್ ಎಮಲ್ಷನ್‌ಗೂ ಅವರದೇ ದುಬಾರಿ ರಾಯಲ್‌ಗೂ ಲೀಟರಿಗೆ ದುಪ್ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ, ಅದು ಬರೆಯಬೇಕಲ್ವಾ?

ಇನ್ನೊಬ್ಬರದು ಚದರಡಿ ರೇಟು ಕಡಿಮೆ, ಮೊತ್ತ ಮಾತ್ರ ಜಾಸ್ತಿ. ನೋಡಿದರೆ ಬಾಗಿಲು, ಕಿಟಕಿ ಯಾವುದನ್ನೂ ಕಳೆಯದೆ ಗೋಡೆ ಅಳೆದಿದ್ದಾರೆ. ಮತ್ತೊಬ್ಬರದರಲ್ಲಿ ಕೆಳಗೆ ಸಣ್ಣದಾಗಿ 'ಜಿಎಸ್‌ಟಿ ಬೇರೆ'. ಶೇ 18 ಅಂದರೆ ಲಕ್ಷಕ್ಕೆ 18 ಸಾವಿರ, ಸುಮ್ನೆನಾ?

ನನಗೆ ಹಿಡಿಸಿದ್ದು ಬಚ್ಚಲುಮನೆ ಆಚೆಗಿನ ಗೋಡೆಯನ್ನು ಉಗುರಿನಲ್ಲಿ ಕೆರೆದು ನೋಡಿದ ಮೇಸ್ತ್ರಿ. ಹಳೇ ಪುಟ್ಟಿ ಪುಡಿಪುಡಿಯಾಗಿ ಉದುರಿತು. 'ಒಳಗೆ ಪೈಪ್ ಲೀಕ್ ಇರಬೇಕು. ಮೊದಲು ಪ್ಲಂಬರ್ ಕರೆಸಿ. ಗೋಡೆ ಪೂರ್ತಿ ಒಣಗಲಿ, ಆಮೇಲೆ ಬರ್ತೀನಿ. ಈಗಲೇ ಹೊಡೆದರೆ ಮತ್ತೆ ಉಬ್ಬುತ್ತೆ' ಅಂದರು. ಅವರ ಎಸ್ಟಿಮೇಟೇ ಎಲ್ಲರಿಗಿಂತ ದುಬಾರಿ. ಆದರೆ ಕೈಗೆ ಬಂದ ಕೆಲಸವನ್ನು ಮುಂದಕ್ಕೆ ಹಾಕೋ ಧೈರ್ಯ ಎಷ್ಟು ಜನಕ್ಕಿರುತ್ತೆ ಹೇಳಿ.

ಸದ್ಯಕ್ಕೆ ಪ್ಲಂಬರ್ ಫೋನ್ ಎತ್ತುತ್ತಿಲ್ಲ.